ವಾರ್ಸಾದ ಹುಗಿದಿಟ್ಟ ದಾಖಲೆಗಳು: ಯೆಹೂದ್ಯರ ಹತ್ಯಾಕಾಂಡದ ಅಧ್ಯಯನದಲ್ಲಿ ಆಧಾರಗಳ ಪ್ರಶ್ನೆ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ನಾಟ್ಸಿ ಸರ್ಕಾರವೂ ಅದರ ಸಹಾಯಕರೂ ಸೇರಿ ಯೂರೋಪಿನ ಸುಮಾರು 60 ಲಕ್ಷ ಯೆಹೂದ್ಯರನ್ನು ಕೊಂದರು. ಈ ಘಟನೆಯ ಅಧ್ಯಯನಕ್ಕೆ ತೊಡಗುವವರು ಮೊಟ್ಟಮೊದಲು ಕೇಳಿಕೊಳ್ಳಬೇಕಾದುದು, ಇದನ್ನು ನಾವು ಯಾರ ಕಾಗದಪತ್ರಗಳಿಂದ ತಿಳಿಯುತ್ತೇವೆ ಎಂಬ ಪ್ರಶ್ನೆ. 1945ರಲ್ಲಿ ಜರ್ಮನ್ ಪ್ರಭುತ್ವವು ಕುಸಿದಾಗ ಅದರ ಕಚೇರಿಗಳ ಕಡತಗಳು ರಾಶಿರಾಶಿಯಾಗಿ ಮಿತ್ರರಾಷ್ಟ್ರಗಳ ಕೈಸೇರಿದುವು. 1945-46ರಲ್ಲಿ ನ್ಯೂರೆಂಬರ್ಗಿನಲ್ಲಿ ನಡೆದ ವಿಚಾರಣೆಯು ಬಹುಮಟ್ಟಿಗೆ ಇವುಗಳನ್ನೇ ಅವಲಂಬಿಸಿತು. 1961ರಲ್ಲಿ ಹೊರಬಂದ ರಾವುಲ್ ಹಿಲ್ಬರ್ಗರ ಮಹತ್ಕೃತಿಯೂ ಮುಖ್ಯವಾಗಿ ಇವುಗಳ ಮೇಲೆಯೇ ನಿಂತಿದೆ. ಕೊಲೆಯ ಕಾರ್ಯವು ಕಚೇರಿಯಿಂದ ಕಚೇರಿಗೆ, ಸಹಿಯಿಂದ ಸಹಿಗೆ, ಕೊನೆಗೆ ರೈಲಿನ ವೇಳಾಪಟ್ಟಿಯವರೆಗೆ ಹೇಗೆ ಸಾಗಿತೆಂಬುದನ್ನು ಅರಿಯಲು ಈ ಆಧಾರಗಳಿಲ್ಲದೆ ಗತ್ಯಂತರವಿಲ್ಲ.

ಆದರೆ ಈ ಕಡತಗಳ ಭಾಷೆಯೇ ಒಂದು ಮರೆ. ಅವುಗಳಲ್ಲಿ ಕೊಲ್ಲುವುದಕ್ಕೆ 'ವಿಶೇಷ ಉಪಚಾರ'ವೆಂದು ಹೆಸರು. ಸಾವಿನ ಶಿಬಿರಕ್ಕೆ ಸಾಗಿಸುವುದಕ್ಕೆ 'ಪೂರ್ವಕ್ಕೆ ಸ್ಥಳಾಂತರ'ವೆಂದು ಹೆಸರು. 1943ರಲ್ಲಿ ಸಂಖ್ಯಾಶಾಸ್ತ್ರಜ್ಞನಾದ ರಿಚರ್ಡ್ ಕೊರ್ಹೆರ್, ಯೂರೋಪಿನಲ್ಲಿ ಯೆಹೂದ್ಯರ ಸಂಖ್ಯೆಯು ಎಷ್ಟು ಕುಗ್ಗಿತೆಂದು ಹಿಮ್ಲರನಿಗೆ ವರದಿ ಒಪ್ಪಿಸಿದಾಗ, 'ವಿಶೇಷ ಉಪಚಾರ'ವೆಂಬ ಮಾತನ್ನೂ ತೆಗೆದು ಇನ್ನಷ್ಟು ಮಸುಕಾದ ಪದಗಳನ್ನು ಹಾಕುವಂತೆ ಆಜ್ಞೆಯಾಯಿತು. ಇಂತಹ ಬರಹದಲ್ಲಿ ಸತ್ತವನು ಕೇವಲ ಒಂದು ಅಂಕಿ. ಅವನು ಏನು ತಿಂದ, ಯಾರನ್ನು ನಂಬಿದ, ತನಗೆ ಒದಗಿದುದನ್ನು ಏನೆಂದು ತಿಳಿದ ಎಂಬುದಕ್ಕೆ ಅಲ್ಲಿ ಎಡೆಯಿಲ್ಲ.

ಇದಕ್ಕೆ ಸಾಮಾನ್ಯವಾಗಿ ಸೂಚಿಸುವ ಪರಿಹಾರವೊಂದುಂಟು: ಇತಿಹಾಸಕ್ಕೆ ಕಡತಗಳು, ಸ್ಮರಣೆಗೆ ಬದುಕುಳಿದವರ ಮಾತುಗಳು. ನಮ್ಮ ತರಗತಿಗಳಲ್ಲಿಯೂ ಈ ವಿಭಾಗ ರೂಢಿಯಾಗಿದೆ. ಆನ್ ಫ್ರಾಂಕಳ ದಿನಚರಿಯನ್ನು ಓದಿಸಿ ಸ್ಮರಣೆಯ ಪಾಲನ್ನು ಮುಗಿಸಿಬಿಡುತ್ತೇವೆ. ಈ ವಿಭಾಗವು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಕೊಲೆಗೀಡಾದವರಲ್ಲಿ ಕೆಲವರು ಇತಿಹಾಸಕಾರರಾಗಿಯೇ ದುಡಿಯುತ್ತ ಮಡಿದರು. ಇದಕ್ಕೆ ವಾರ್ಸಾ ನಗರದ ನಿದರ್ಶನವೊಂದನ್ನು ಇಲ್ಲಿ ಪರಿಶೀಲಿಸುತ್ತೇವೆ.

1900ರಲ್ಲಿ ಬುಚಾಚ್ ಪಟ್ಟಣದಲ್ಲಿ ಹುಟ್ಟಿದ ಎಮಾನುಯೆಲ್ ರಿಂಗೆಲ್‌ಬ್ಲುಮ್ ಅವರು ಮಧ್ಯಯುಗದ ವಾರ್ಸಾ ಯೆಹೂದ್ಯರನ್ನು ಕುರಿತು ಪ್ರಬಂಧ ಬರೆದು 1927ರಲ್ಲಿ ವಾರ್ಸಾ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದವರು. ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದವರು. 1940ರ ನವೆಂಬರಿನಲ್ಲಿ ಜರ್ಮನರು ವಾರ್ಸಾದ ಯೆಹೂದ್ಯರನ್ನು ಗೋಡೆಯೊಳಗೆ ಕೂಡಿಹಾಕಿದರು. 'ಘೆಟ್ಟೊ' ಎನ್ನಿಸಿಕೊಂಡ ಆ ಆವರಣದಲ್ಲಿ 4 ಲಕ್ಷಕ್ಕೂ ಮಿಕ್ಕಿದ ಜನರು ಹಸಿವಿಗೂ ಜ್ವರಕ್ಕೂ ಈಡಾಗಿ ಬದುಕಬೇಕಾಯಿತು. ಅದೇ ತಿಂಗಳಿನಲ್ಲಿ ರಿಂಗೆಲ್‌ಬ್ಲುಮ್ ಒಂದು ಗುಪ್ತ ಮಂಡಲಿಯನ್ನು ಕಟ್ಟಿದರು. ಶನಿವಾರಗಳಲ್ಲಿ ಸೇರುತ್ತಿದ್ದುದರಿಂದ ಅದಕ್ಕೆ ಯಿಡ್ಡಿಷ್ ಭಾಷೆಯಲ್ಲಿ 'ಓಯ್ನೆಗ್ ಶಾಬೆಸ್', ಎಂದರೆ ಸಬ್ಬತ್ತಿನ ಆನಂದ, ಎಂಬ ಹೆಸರಾಯಿತು. ಶಿಕ್ಷಕರು, ಪತ್ರಕರ್ತರು, ಅರ್ಥಶಾಸ್ತ್ರಜ್ಞರು, ರಬ್ಬಿ ಹುಬರ್‌ಬಾಂಡರಂತಹ ಧರ್ಮಪಂಡಿತರು ಹೀಗೆ ಹಲವು ಡಜನ್ ಜನರು ಅದರಲ್ಲಿ ದುಡಿದರು.

ಇವರ ಕೆಲಸದ ಕ್ರಮವು ಗಮನಾರ್ಹವಾದುದು. ಪ್ರಶ್ನಾವಳಿಗಳನ್ನು ರಚಿಸಿದರು, ಒಂದೇ ಘಟನೆಯನ್ನು ಸಾಧ್ಯವಾದಷ್ಟು ಹೆಚ್ಚು ಜನರಿಂದ ಬರೆಯಿಸಿದರು. ಸರ್ಕಾರಿ ಭಿತ್ತಿಪತ್ರಗಳ ಜೊತೆಗೆ ಪಡಿತರ ಚೀಟಿ, ಟ್ರಾಮಿನ ಟಿಕೆಟ್, ಮಿಠಾಯಿಯ ಹೊದಿಕೆಯ ಕಾಗದ ಇವನ್ನೂ ಕೂಡಿಟ್ಟರು. ಕಳ್ಳಸಾಗಣೆ, ಲಂಚ, ಘೆಟ್ಟೊವಿನ ಯೆಹೂದ್ಯ ಪೊಲೀಸರ ಕ್ರೌರ್ಯ ಇವನ್ನು ಮುಚ್ಚಿಡಲಿಲ್ಲ. ಸಾರ್ವಜನಿಕ ಅಡಿಗೆಮನೆಯೊಂದನ್ನು ನಡೆಸುತ್ತಿದ್ದ ರಾಖೆಲ್ ಆವರ್‌ಬಾಖ್, ತಮ್ಮ ಗಂಜಿಯು ಜನರನ್ನು ಉಳಿಸುತ್ತಿಲ್ಲ, ಸಾವನ್ನು ಮುಂದೂಡುತ್ತಿದೆಯಷ್ಟೆ ಎಂಬುದನ್ನೂ ಬರೆದಿಟ್ಟರು. ಸ್ವಜನರ ಗೌರವಕ್ಕಾಗಿ ಬರೆದ ಬರಹವು ಹೀಗಿರುತ್ತಿರಲಿಲ್ಲ.

1942ರಲ್ಲಿ ಈ ಕಾರ್ಯದ ಸ್ವರೂಪವೇ ಬದಲಾಯಿತು. ಖೆಲ್ಮ್‌ನೊ ಎಂಬಲ್ಲಿ ವಿಷಾನಿಲದ ಗಾಡಿಗಳಲ್ಲಿ ಸತ್ತವರನ್ನು ಹೂಳಲು ನಿಯಮಿತನಾಗಿದ್ದ ಬಂದಿಯೊಬ್ಬನು ಜನವರಿಯಲ್ಲಿ ತಪ್ಪಿಸಿಕೊಂಡು ವಾರ್ಸಾಕ್ಕೆ ಬಂದನು. ಮಂಡಲಿಯು ಅವನ ಹೇಳಿಕೆಯನ್ನು ಬರೆದುಕೊಂಡು, ಪೋಲಿಷ್ ಗುಪ್ತ ಚಳವಳಿಯ ಮೂಲಕ ಸುದ್ದಿಯನ್ನು ಹೊರದೇಶಕ್ಕೆ ಮುಟ್ಟಿಸಲು ಯತ್ನಿಸಿತು. ಜೂನಿನಲ್ಲಿ ಲಂಡನ್ನಿನ ಬಿ.ಬಿ.ಸಿ. ಪೋಲೆಂಡಿನ ಯೆಹೂದ್ಯರ ಹತ್ಯೆಯ ಸುದ್ದಿಯನ್ನು ಬಿತ್ತರಿಸಿತು. ತಮ್ಮ ಶ್ರಮ ವ್ಯರ್ಥವಾಗಲಿಲ್ಲವೆಂದು ರಿಂಗೆಲ್‌ಬ್ಲುಮ್ ಬರೆದುಕೊಂಡರು. ಒಂದು ತಿಂಗಳೊಳಗೆ, ಜುಲೈ 22ರಂದು, ವಾರ್ಸಾದಿಂದಲೇ ಟ್ರೆಬ್ಲಿಂಕಾ ಶಿಬಿರಕ್ಕೆ ರೈಲುಗಳು ಹೊರಡತೊಡಗಿದುವು. ಸೆಪ್ಟೆಂಬರ್ ಮುಗಿಯುವುದರೊಳಗೆ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಅಲ್ಲಿಗೆ ಒಯ್ದು ಕೊಂದರು.

ಆಗಸ್ಟ್ 3ರಂದು, ಬೀದಿಗಳಲ್ಲಿ ಜನರನ್ನು ಹಿಡಿಯುತ್ತಿದ್ದಾಗಲೇ, ಶಿಕ್ಷಕ ಇಸ್ರಾಯೆಲ್ ಲಿಖ್ಟೆನ್‌ಸ್ಟೈನ್ ಅವರು ತಮ್ಮ ಇಬ್ಬರು ತರುಣ ಶಿಷ್ಯರೊಡನೆ ಕಾಗದಗಳನ್ನು 10 ಲೋಹದ ಪೆಟ್ಟಿಗೆಗಳಲ್ಲಿ ತುಂಬಿ ನೊವೊಲಿಪ್ಕಿ ಬೀದಿಯ ಶಾಲೆಯೊಂದರ ನೆಲಮಾಳಿಗೆಯಲ್ಲಿ ಹುಗಿದರು. ಶಿಷ್ಯರಲ್ಲಿ ಒಬ್ಬನಿಗೆ 19 ವರ್ಷ, ಇನ್ನೊಬ್ಬನಿಗೆ 18. ಮೂವರೂ ತಂತಮ್ಮ ಮರಣಶಾಸನ ಬರೆದು ಅದರೊಳಗಿಟ್ಟರು. ಲಿಖ್ಟೆನ್‌ಸ್ಟೈನರು ಕೇಳಿಕೊಂಡದ್ದು ಕೃತಜ್ಞತೆಯನ್ನಲ್ಲ. ಚಿತ್ರಕಾರ್ತಿಯಾದ ತಮ್ಮ ಪತ್ನಿ ಗೆಲಾ ಸೆಕ್‌ಸ್ಟೈನರನ್ನೂ 20 ತಿಂಗಳ ಮಗಳು ಮಾರ್ಗೊಲಿತಳನ್ನೂ ನೆನೆಯಬೇಕೆಂದು. ಆಕೆಯ ಚಿತ್ರಗಳೂ ಆ ಪೆಟ್ಟಿಗೆಗಳಲ್ಲಿ ಸೇರಿದುವು. ಎರಡನೆಯ ಭಾಗವನ್ನು 1943ರ ಫೆಬ್ರವರಿಯಲ್ಲಿ ಎರಡು ಹಾಲಿನ ಕ್ಯಾನುಗಳಲ್ಲಿ ಹುಗಿದರು. ಅಡಗುತಾಣವೊಂದರಲ್ಲಿದ್ದ ರಿಂಗೆಲ್‌ಬ್ಲುಮ್, ಅವರ ಪತ್ನಿ ಮತ್ತು ಮಗ 1944ರ ಮಾರ್ಚಿನಲ್ಲಿ ಸಿಕ್ಕಿಬಿದ್ದು ಕೊಲ್ಲಲ್ಪಟ್ಟರು.

ಮಂಡಲಿಯಲ್ಲಿ ಬದುಕುಳಿದವರು ಮೂವರು: ಹೆರ್ಷ್ ವಾಸ್ಸರ್, ಅವರ ಪತ್ನಿ ಬ್ಲುಮಾ, ಮತ್ತು ರಾಖೆಲ್ ಆವರ್‌ಬಾಖ್. ಘೆಟ್ಟೊ ನೆಲಸಮವಾಗಿ ಇಟ್ಟಿಗೆಯ ಗುಡ್ಡೆಯಾಗಿತ್ತು. ಇವರ ಒತ್ತಾಯದಿಂದಲೂ ವಾಸ್ಸರರ ನೆನಪಿನಿಂದಲೂ 1946ರ ಸೆಪ್ಟೆಂಬರಿನಲ್ಲಿ ಪೆಟ್ಟಿಗೆಗಳು ಸಿಕ್ಕಿದುವು; ಹಾಲಿನ ಕ್ಯಾನುಗಳು 1950ರ ಡಿಸೆಂಬರಿನಲ್ಲಿ. ಪೆಟ್ಟಿಗೆಗಳೊಳಕ್ಕೆ ನೀರಿಳಿದು ಎಷ್ಟೋ ಹಾಳೆಗಳು ಕೆಟ್ಟಿದ್ದುವು. ಮೂರನೆಯದೊಂದು ಭಾಗ ದೊರೆತಿಲ್ಲ. ಸುಮಾರು 35,000 ಪುಟಗಳು ಈಗ ವಾರ್ಸಾದ ಯೆಹೂದ್ಯ ಇತಿಹಾಸ ಸಂಸ್ಥೆಯಲ್ಲಿವೆ. ಇವುಗಳ ಚರಿತ್ರೆಯನ್ನು ಸ್ಯಾಮ್ಯುಯೆಲ್ ಕ್ಯಾಸೊ ಅವರು 2007ರ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ನಿರೂಪಿಸಿದ್ದಾರೆ.

ಈ ದಾಖಲೆಗಳ ಹೆಚ್ಚಿನ ಬೆಲೆಯಿರುವುದು, ಬರೆದವರಿಗೆ ಮುಂದಿನದು ತಿಳಿಯದೆ ಇದ್ದುದರಲ್ಲಿ. 1941ರಲ್ಲಿ ಬರೆದವರಿಗೆ ಟ್ರೆಬ್ಲಿಂಕಾ ಎಂಬುದು ಗೊತ್ತಿಲ್ಲ. ಯುದ್ಧ ಮುಗಿದ ಮೇಲಿನ ಓದುಗರಿಗಾಗಿ ಅವರು ಅಡಿಗೆಮನೆಯ ಲೆಕ್ಕ ಬರೆಯುತ್ತಿದ್ದರು. ಆದರೂ ಇವನ್ನು ವಿಮರ್ಶೆಯಿಲ್ಲದೆ ಒಪ್ಪುವಂತಿಲ್ಲ. ಗಾಳಿಸುದ್ದಿಗಳು ಇಲ್ಲಿ ನಿಜದ ಜೊತೆಯಲ್ಲಿಯೇ ಕುಳಿತಿವೆ. ಯೆಹೂದ್ಯ ಮಂಡಳಿಯ ಅಧ್ಯಕ್ಷರಾಗಿದ್ದ ಆಡಮ್ ಚೆರ್ನಿಯಾಕೊವ್ ಅವರ ಬಗ್ಗೆ ರಿಂಗೆಲ್‌ಬ್ಲುಮರ ತೀರ್ಪು ಕಠೋರವಾದುದು. ಜುಲೈ 23ರಂದು ಆತ್ಮಹತ್ಯೆ ಮಾಡಿಕೊಂಡ ಆ ಮನುಷ್ಯನ ದಿನಚರಿಯೂ ಉಳಿದುಬಂದಿದೆ. ಅದನ್ನು ಓದಿದ ಮೇಲೆ ನಮಗೆ ಅಷ್ಟು ಕಠೋರರಾಗಲು ಸಾಧ್ಯವಾಗಲಿಲ್ಲ. ವಿದ್ಯಾರ್ಥಿಗಳು ಇವೆರಡನ್ನೂ ಎದುರುಬದುರಾಗಿಟ್ಟು ಓದಬೇಕು.

ರಾಖೆಲ್ ಆವರ್‌ಬಾಖ್ 1950ರಲ್ಲಿ ಇಸ್ರೇಲಿಗೆ ಹೋಗಿ, ಯಾದ್ ವಾಶೆಮ್ ಸಂಸ್ಥೆಯಲ್ಲಿ ಬದುಕುಳಿದವರ ಹೇಳಿಕೆಗಳನ್ನು ಸಂಗ್ರಹಿಸುವ ವಿಭಾಗವನ್ನು ಕಟ್ಟಿದರು. 1961ರಲ್ಲಿ ಜೆರೂಸಲೇಮಿನಲ್ಲಿ ಐಖ್ಮನ್‌ನ ವಿಚಾರಣೆ ನಡೆದಾಗ ಸಾಕ್ಷಿಗಳನ್ನು ಆರಿಸುವುದರಲ್ಲಿ ನೆರವಾದುದಲ್ಲದೆ, ತಾವೂ ಕಟಕಟೆಯೇರಿ ವಾರ್ಸಾದ ವಿಷಯವಾಗಿ ಸಾಕ್ಷ್ಯ ನುಡಿದರು.