ಒಡೆಯದೆ ಬೆಳೆಯುವ ಕೋಶ: ರೇಷ್ಮೆಹುಳುವಿನ ಗ್ರಂಥಿಯಲ್ಲಿ ಸೈಕ್ಲಿನ್‌ಗಳ ಪಾತ್ರ

1. ಪ್ರಶ್ನೆ

ತಲಕಾಡು ಸೇರಿರುವ ತಾಲ್ಲೂಕಿನ ಮುಖ್ಯ ಊರು ತಿ. ನರಸೀಪುರದಲ್ಲಿ ಸರ್ಕಾರಿ ರೇಷ್ಮೆ ಫಿಲೇಚರ್ ಇದೆ. ಮೈಸೂರಿನ ಮಾನಂದವಾಡಿ ರಸ್ತೆಯ ನೇಯ್ಗೆ ಕಾರ್ಖಾನೆಯ ಸೀರೆಗಳಿಗೆ ಬೇಕಾದ ಕಚ್ಚಾ ರೇಷ್ಮೆಯನ್ನು ಇಲ್ಲಿ ಗೂಡುಗಳಿಂದ ಬಿಚ್ಚುತ್ತಾರೆ. ಆ ಎಳೆಯ ತಿರುಳು ಫೈಬ್ರಾಯಿನ್ ಎಂಬ ಪ್ರೋಟೀನು. ಅದನ್ನು ತಯಾರಿಸುವುದು ಹುಳುವಿನ ರೇಷ್ಮೆ ಗ್ರಂಥಿಯ ಹಿಂಭಾಗ. ಹುಳುವಿಗೆ ಇಂಥ ಗ್ರಂಥಿಗಳು ಎರಡು. ಒಂದೊಂದರ ಹಿಂಭಾಗದಲ್ಲಿ ಇರುವುದು ಸುಮಾರು 500 ಕೋಶಗಳಷ್ಟೇ.

ಸಣ್ಣ ಲೆಕ್ಕವೊಂದನ್ನು ಹಾಕಬಹುದು. ಒಳ್ಳೆಯ ದ್ವಿತಳಿ ಗೂಡಿನ ಪೊರೆ ಸುಮಾರು 0.4 ಗ್ರಾಂ ತೂಗುತ್ತದೆ. ಅದರಲ್ಲಿ ಮುಕ್ಕಾಲು ಪಾಲು ಫೈಬ್ರಾಯಿನ್ ಎಂದರೆ 0.3 ಗ್ರಾಂ. ಸಾವಿರ ಕೋಶಗಳಿಗೆ ಹಂಚಿದರೆ ತಲಾ 0.3 ಮಿಲಿಗ್ರಾಂ. ಸಾಮಾನ್ಯ ಪ್ರಾಣಿಕೋಶವೊಂದರ ಇಡೀ ತೂಕವೇ ಒಂದು ನ್ಯಾನೋಗ್ರಾಂ ಆಸುಪಾಸಿನಲ್ಲಿರುತ್ತದೆ. ಅಂದರೆ ಇಲ್ಲಿನ ಪ್ರತಿ ಕೋಶವೂ ಅಂಥ ಲಕ್ಷಾಂತರ ಕೋಶಗಳ ತೂಕದಷ್ಟು ಪ್ರೋಟೀನನ್ನು, ಅದರಲ್ಲಿ ಹೆಚ್ಚಿನದನ್ನು ಮರಿಯ ಕೊನೆಯದಾದ ಐದನೆಯ ಹಂತದ ಏಳೆಂಟು ದಿನಗಳಲ್ಲೇ, ಮಾಡಿ ಮುಗಿಸುತ್ತದೆ.

ಇಷ್ಟು ಕೆಲಸಕ್ಕೆ ಕೋಶಗಳ ಸಂಖ್ಯೆ ಹೆಚ್ಚಬೇಕಿತ್ತಲ್ಲವೇ? ಹೆಚ್ಚುವುದಿಲ್ಲ. ಗ್ರಂಥಿಯ ಕೋಶವಿಭಜನೆ ಮೊಟ್ಟೆಯೊಳಗೆ, ಭ್ರೂಣದ ಹಂತದಲ್ಲೇ ಮುಗಿದಿರುತ್ತದೆ. ಮರಿ ಹೊರಬಂದ ಮೇಲೆ ಕೋಶಗಳು ದೊಡ್ಡವಾಗುತ್ತವೆಯೇ ಹೊರತು ಒಡೆಯುವುದಿಲ್ಲ. ಆದರೆ ಒಳಗಿನ ಡಿಎನ್‌ಎ ಇಮ್ಮಡಿಯಾಗುತ್ತಲೇ ಹೋಗುತ್ತದೆ. ಕೋಶಚಕ್ರದ ಅರ್ಧ ನಡೆದು ಇನ್ನರ್ಧ ನಿಂತದ್ದು ಹೇಗೆ ಎಂಬುದು ಈ ಟಿಪ್ಪಣಿಯ ಪ್ರಶ್ನೆ.

2. ಸೈಕ್ಲಿನ್ ಮತ್ತು ಕೈನೇಸ್

ಮೊದಲು ಹಿನ್ನೆಲೆ. ಯೀಸ್ಟ್‌ನ ರೂಪಾಂತರಿಗಳನ್ನು ಹಿಡಿದು ಕೋಶಚಕ್ರದ ವಂಶವಾಹಿಗಳನ್ನು ಮೊದಲು ಬಿಡಿಸಿ ತೋರಿದವರು ಲೀಲ್ಯಾಂಡ್ ಹಾರ್ಟ್‌ವೆಲ್. ಇನ್ನೊಂದು ಬಗೆಯ ಯೀಸ್ಟ್‌ನಲ್ಲಿ ಸಿಡಿಸಿ2 ಎಂಬ ವಂಶವಾಹಿಯ ಬೆನ್ನುಹತ್ತಿದ ಪಾಲ್ ನರ್ಸ್, ಅದರ ಸಮರೂಪಿ ಮನುಷ್ಯನಲ್ಲೂ ಇದೆಯೆಂದು 1987ರಲ್ಲಿ ತೋರಿಸಿದರು. 1982ರ ಬೇಸಿಗೆಯಲ್ಲಿ ವುಡ್ಸ್ ಹೋಲ್‌ನಲ್ಲಿ ಕಡಲ ಮುಳ್ಳುಚೆಂಡಿನ ಮೊಟ್ಟೆಗಳ ಮೇಲೆ ಕೆಲಸ ಮಾಡುತ್ತಿದ್ದ ಟಿಮ್ ಹಂಟ್, ವಿಭಜನೆಗೆ ಮುನ್ನ ಏರಿ ವಿಭಜನೆಯ ಹೊತ್ತಿಗೆ ಇದ್ದಕ್ಕಿದ್ದಂತೆ ಮಾಯವಾಗುವ ಪ್ರೋಟೀನೊಂದನ್ನು ಕಂಡರು. ಅದೇ ಸೈಕ್ಲಿನ್. ಮೂವರಿಗೂ 2001ರ ನೊಬೆಲ್ ಬಂತು.

ಕೈನೇಸ್ ಎಂದರೆ ಬೇರೆ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸಿ ಅವುಗಳ ನಡವಳಿಕೆ ಬದಲಿಸುವ ಕಿಣ್ವ. ಸೈಕ್ಲಿನ್‌ನ ಜೊತೆಗಾರ ಕೈನೇಸ್ ಕೋಶದಲ್ಲಿ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿರುತ್ತದೆ. ಆದರೆ ಒಂಟಿಯಾಗಿದ್ದಾಗ ನಿಷ್ಕ್ರಿಯ. ಅದರ ಕ್ರಿಯಾಸ್ಥಾನಕ್ಕೆ ಅಡ್ಡವಾಗಿ ಒಂದು ಕುಣಿಕೆ ಕೂತಿರುತ್ತದೆ. ಸೈಕ್ಲಿನ್ ಬಂದು ಅಂಟಿದಾಗ ಆ ಕುಣಿಕೆ ಸರಿದು ಕ್ರಿಯಾಸ್ಥಾನ ತೆರೆಯುತ್ತದೆ. ಸೈಕ್ಲಿನ್ ಎ ಮತ್ತು ಸಿಡಿಕೆ2 ಎಂಬ ಕೈನೇಸ್ ಜೋಡಿಯ 1995ರ ಹರಳಿನ ಚಿತ್ರ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಆಮೇಲೆ ಕುಣಿಕೆಗೇ ಒಂದು ಫಾಸ್ಫೇಟ್ ಸೇರಿದರೆ ಕೈನೇಸ್ ಪೂರ್ತಿ ಚುರುಕಾಗುತ್ತದೆ. ವೀ1 ಎಂಬ ಇನ್ನೊಂದು ಕೈನೇಸ್ ಬೇರೆ ಜಾಗದಲ್ಲಿ ಫಾಸ್ಫೇಟ್ ಹಾಕಿ ಜೋಡಿಯನ್ನು ತಡೆದಿಡಬಹುದು. ಸಿಡಿಸಿ25 ಎಂಬ ಕಿಣ್ವ ಆ ಫಾಸ್ಫೇಟನ್ನು ಕಿತ್ತು ಜೋಡಿಯನ್ನು ಬಿಡುಗಡೆ ಮಾಡುತ್ತದೆ.

ಸಾಮಾನ್ಯ ಕೋಶದಲ್ಲಿ ಸೈಕ್ಲಿನ್ ಇ ಸಿಡಿಕೆ2 ಜೊತೆ ಸೇರಿ ಡಿಎನ್‌ಎ ನಕಲನ್ನು ಆರಂಭಿಸುತ್ತದೆ. ಸೈಕ್ಲಿನ್ ಬಿ ಸಿಡಿಕೆ1 ಜೊತೆ ಸೇರಿ ವಿಭಜನೆಯನ್ನು ಹೊರಡಿಸುತ್ತದೆ. ಕೊನೆಗೆ ಎಪಿಸಿ ಎಂಬ ಪ್ರೋಟೀನುಗಳ ಕೂಟ ಸೈಕ್ಲಿನ್ ಬಿಗೆ ಯುಬಿಕ್ವಿಟಿನ್ ಎಂಬ ಗುರುತು ಅಂಟಿಸಿ ನಾಶಕ್ಕೆ ಕಳಿಸುತ್ತದೆ. ಈ ನಾಶ ಆಗದಿದ್ದರೆ ಕೋಶ ವಿಭಜನೆಯಿಂದ ಹೊರಬರಲಾರದು.

3. ಒಂದು ಸುತ್ತಿಗೆ ಒಂದೇ ನಕಲು

ಡಿಎನ್‌ಎಯ ಪ್ರತಿ ಭಾಗವೂ ಒಂದು ಸುತ್ತಿನಲ್ಲಿ ಒಂದೇ ಸಲ ನಕಲಾಗಬೇಕು. ಇದನ್ನು ಕಾಯುವುದೂ ಇದೇ ಕೈನೇಸ್‌ಗಳು. ನಕಲು ಶುರುವಾಗುವ ತಾಣಗಳಿಗೆ ಎಂಸಿಎಂ ಎಂಬ ಪ್ರೋಟೀನುಗಳ ಗುಂಪು ಮೊದಲೇ ಕೂರಬೇಕು. ಅದು ಕೂರುವುದು ಕೈನೇಸ್ ಚಟುವಟಿಕೆ ತಗ್ಗಿದ್ದಾಗ ಮಾತ್ರ. ಚಟುವಟಿಕೆ ಏರಿದಾಗ ನಕಲು ಹೊರಡುತ್ತದೆ, ಆದರೆ ಎಂಸಿಎಂ ಮತ್ತೆ ಕೂರಲು ಬಿಡುವುದಿಲ್ಲ. ಈ ತಿಂಗಳ ಪಡಿತರ ತೆಗೆದುಕೊಂಡ ಕಾರ್ಡಿಗೆ ಮುಂದಿನ ತಿಂಗಳು ಬರುವ ತನಕ ಮತ್ತೆ ಅಕ್ಕಿ ಸಿಗದ ಹಾಗೆ.

ಇದರಿಂದ ಮುಖ್ಯವಾದ ಒಂದು ತೀರ್ಮಾನ ಹೊರಡುತ್ತದೆ. ವಿಭಜನೆಯಿಲ್ಲದೆ ಡಿಎನ್‌ಎ ಮತ್ತೆ ಮತ್ತೆ ಇಮ್ಮಡಿಯಾಗಬೇಕಾದರೆ ಸೈಕ್ಲಿನ್ ಇ ಇದ್ದರಷ್ಟೇ ಸಾಲದು, ಅದು ಏರಿ ಇಳಿಯಲೂ ಬೇಕು. ಹಣ್ಣಿನ ನೊಣ ಡ್ರೊಸೊಫಿಲಾದಲ್ಲಿ ಇದನ್ನು ಪರೀಕ್ಷಿಸಿದ್ದಾರೆ. ಅದರ ಲಾಲಾಗ್ರಂಥಿಯಲ್ಲಿ ಸೈಕ್ಲಿನ್ ಇ ಇಳಿಯದಂತೆ ನಿರಂತರವಾಗಿ ಉತ್ಪಾದಿಸಿದಾಗ ಡಿಎನ್‌ಎ ಇಮ್ಮಡಿಸುವುದು ನಿಂತುಹೋಯಿತೆಂದು 1998ರ ಪ್ರಯೋಗಗಳು ತೋರಿಸಿದವು. ಅದಕ್ಕೂ ಒಂದು ವರ್ಷ ಮುಂಚೆ, ಎಪಿಸಿಗೆ ನೆರವಾಗುವ ಫಿಜಿ-ರಿಲೇಟೆಡ್ ಎಂಬ ಪ್ರೋಟೀನು ವಿಭಜನೆಯ ಸೈಕ್ಲಿನ್‌ಗಳನ್ನು ಅಳಿಸದಿದ್ದರೆ ಈ ಬಗೆಯ ಚಕ್ರ ಆರಂಭವೇ ಆಗದು ಎಂಬುದು ಗೊತ್ತಾಗಿತ್ತು. ಹೀಗೆ ಬೇಕಾದವು ಎರಡು: ಸೈಕ್ಲಿನ್ ಬಿ ಹೋಗಬೇಕು, ಸೈಕ್ಲಿನ್ ಇ ಲಯದಲ್ಲಿ ಉಳಿಯಬೇಕು.

4. ರೇಷ್ಮೆ ಗ್ರಂಥಿಯ ಸಾಕ್ಷ್ಯ

ರೇಷ್ಮೆಹುಳುವಿನಲ್ಲಿ ಇದನ್ನು ನೋಡಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಕೆ. ಪಿ. ಗೋಪಿನಾಥನ್ ಅವರ ಪ್ರಯೋಗಾಲಯದವರು. 2000ರ ದಶಕದ ಆರಂಭದಲ್ಲಿ ಅವರು ಹುಳುವಿನ ಸೈಕ್ಲಿನ್ ಇ ವಂಶವಾಹಿಯನ್ನು ಬೇರ್ಪಡಿಸಿದರು. ಅದರ ಪ್ರೋಟೀನೂ ಜೊತೆಗಾರ ಸಿಡಿಕೆ2ವೂ ಗ್ರಂಥಿಯಲ್ಲಿ ಇರುವುದನ್ನು ತೋರಿಸಿದರು. ಭ್ರೂಣದಲ್ಲಿ ಗ್ರಂಥಿಯ ಕೋಶಗಳು ಇನ್ನೂ ಒಡೆಯುತ್ತಿರುವಾಗ ಕಾಣುವ ಸೈಕ್ಲಿನ್ ಬಿ, ವಿಭಜನೆ ನಿಂತ ಮೇಲೆ ಹಿಂದೆ ಸರಿಯುತ್ತದೆ. ಸೈಕ್ಲಿನ್ ಇ ಉಳಿಯುತ್ತದೆ. ನೊಣದಲ್ಲಿ ಕಂಡ ಕ್ರಮವೇ ಇಲ್ಲೂ ಕಾಣುತ್ತದೆ.

ಪರಿಣಾಮದ ಅಳತೆ ನೋಡಿ. ಭ್ರೂಣದಿಂದ ಐದನೆಯ ಹಂತದ ಕೊನೆಯವರೆಗೆ ಡಿಎನ್‌ಎ 17ರಿಂದ 19 ಸಲ ಇಮ್ಮಡಿಯಾಗುತ್ತದೆ. ಎರಡು ಪ್ರತಿಗಳಿಂದ ಹೊರಟರೆ 17 ಸಲಕ್ಕೆ 2,62,144. 18 ಸಲಕ್ಕೆ 5,24,288. ಸುಮಾರು 4 ಲಕ್ಷ ಎಂದಿಟ್ಟುಕೊಂಡರೂ ಒಂದೇ ಕೋಶದೊಳಗಿನ ಡಿಎನ್‌ಎ 0.2 ಮೈಕ್ರೋಗ್ರಾಂ ಆಗುತ್ತದೆ. ಇದು ಮನುಷ್ಯನ ಸಾಮಾನ್ಯ ಕೋಶದಲ್ಲಿರುವುದರ ಸುಮಾರು 30,000 ಪಟ್ಟು. ಇಷ್ಟನ್ನು ಹಿಡಿದಿಡಲು ಕೋಶಕೇಂದ್ರ ಗುಂಡಾಗಿ ಉಳಿಯದೆ ಕವಲೊಡೆದು ಕೋಶದ ಉದ್ದಗಲಕ್ಕೂ ಹರಡಿಕೊಳ್ಳುತ್ತದೆ.

ಇಡೀ ಡಿಎನ್‌ಎಯ ಬದಲು ಫೈಬ್ರಾಯಿನ್ ವಂಶವಾಹಿಯೊಂದೇ ಹೆಚ್ಚಿದ್ದರೆ ಸಾಕಾಗುತ್ತಿರಲಿಲ್ಲವೇ ಎಂಬ ಸಂದೇಹ ಸಹಜ. ಯೋಶಿಯಾಕಿ ಸುಜುಕಿ, ಡೊನಾಲ್ಡ್ ಬ್ರೌನ್ ಮತ್ತು ಅವರ ಸಹೋದ್ಯೋಗಿಗಳು 1972ರಲ್ಲೇ ಇದಕ್ಕೆ ಉತ್ತರ ಕೊಟ್ಟರು: ಆ ವಂಶವಾಹಿಯನ್ನು ಪ್ರತ್ಯೇಕವಾಗಿ ಹೆಚ್ಚಿಸಿಕೊಂಡಿಲ್ಲ, ಉಳಿದ ಡಿಎನ್‌ಎಯ ಜೊತೆಗೇ ಅದೂ ಹೆಚ್ಚಿದೆ. ಅಂದಮೇಲೆ ಫೈಬ್ರಾಯಿನ್‌ಗೆ ಬೇಕಾದ ಅಷ್ಟೂ ಪ್ರತಿಗಳು ಸೈಕ್ಲಿನ್ ಇಯ ಏರಿಳಿತದ ಸುತ್ತುಗಳಿಂದಲೇ ಬಂದಿರಬೇಕು. ವಿಭಜನೆ ತಪ್ಪಿದ್ದರಿಂದ ಇನ್ನೊಂದು ಲಾಭವೂ ಇದೆ. ವಿಭಜನೆಯ ಹೊತ್ತಿಗೆ ವರ್ಣತಂತುಗಳು ಸುರುಳಿ ಬಿಗಿದು ವಂಶವಾಹಿಗಳ ಕೆಲಸ ಬಹುಮಟ್ಟಿಗೆ ನಿಲ್ಲುತ್ತದೆ. ಅಂಥ ಬಿಡುವು ಈ ಗ್ರಂಥಿಗೆ ಇಲ್ಲ.

5. ಸೊಪ್ಪು, ಜ್ವರ, ಇಳುವರಿ

ಈ ಚಕ್ರ ಆಹಾರಕ್ಕೂ ಕಟ್ಟುಬಿದ್ದಿದೆ. ಹುಳು ಸೊಪ್ಪು ಬಿಟ್ಟು ಪೊರೆ ಕಳಚುವ ಅವಧಿಯನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತಾಗ ಗ್ರಂಥಿಯಲ್ಲಿ ಡಿಎನ್‌ಎ ನಕಲು ತಗ್ಗುತ್ತದೆ. ಹುಳು ಜ್ವರ ಎದ್ದು ಸೊಪ್ಪಿಗೆ ಬಿದ್ದಾಗ ಮತ್ತೆ ಏರುತ್ತದೆ. ಆಹಾರ ಸಿಗದ ಡ್ರೊಸೊಫಿಲಾ ಮರಿಗಳಲ್ಲೂ ಈ ಬಗೆಯ ಚಕ್ರ ನಿಂತುಬಿಡುತ್ತದೆಂದು 1998ರಲ್ಲಿ ತಿಳಿದುಬಂತು. ನಾಲ್ಕನೆಯ ಜ್ವರ ಎದ್ದ ಹುಳುವಿಗೆ ಹೊತ್ತುಹೊತ್ತಿಗೆ ಒಳ್ಳೆಯ ಹಿಪ್ಪುನೇರಳೆ ಸೊಪ್ಪು ಹಾಕಲೇಬೇಕೆಂಬ ಸಾಕಣೆದಾರರ ಪಾಠಕ್ಕೆ ಕೋಶದ ಮಟ್ಟದಲ್ಲಿ ಇದು ಒಂದು ಆಧಾರ.

ಇಳುವರಿಯ ಕೋನದಿಂದಲೂ ಪರೀಕ್ಷೆ ನಡೆದಿದೆ. ಬೆಳವಣಿಗೆಯ ಸೂಚನೆ ಸಾಗಿಸುವ ರಾಸ್ ಪ್ರೋಟೀನನ್ನು ಗ್ರಂಥಿಯ ಹಿಂಭಾಗದಲ್ಲಿ ಹೆಚ್ಚಿಸಿದ ಚೀನಾದ ಸಂಶೋಧಕರು 2011ರಲ್ಲಿ, ರೇಷ್ಮೆ ಸುಮಾರು ಶೇ. 60 ಹೆಚ್ಚಿತೆಂದೂ ಹುಳು ತಿಂದ ಸೊಪ್ಪು ಹೆಚ್ಚಿದ್ದು ಸುಮಾರು ಶೇ. 20 ಮಾತ್ರವೆಂದೂ ವರದಿ ಮಾಡಿದರು. ಆ ಗ್ರಂಥಿಗಳಲ್ಲಿ ಡಿಎನ್‌ಎ ಪ್ರಮಾಣವೂ ಏರಿತ್ತು.

6. ತೀರ್ಮಾನ

ಸೈಕ್ಲಿನ್ ಮತ್ತು ಕೈನೇಸ್‌ಗಳನ್ನು ಕೋಶವಿಭಜನೆಯ ಯಂತ್ರ ಎಂದಷ್ಟೇ ಹೇಳಿದರೆ ಅರ್ಧ ಹೇಳಿದಂತೆ. ನಕಲು ಮಾಡು ಎಂಬುದೂ ಒಡೆ ಎಂಬುದೂ ಬೇರೆ ಬೇರೆ ಆಜ್ಞೆಗಳು. ಬೇರೆ ಬೇರೆ ಜೋಡಿಗಳು ಅವನ್ನು ಹೊರಡಿಸುತ್ತವೆ. ದೇಹ ತನಗೆ ಬೇಕಾದ ಕಡೆ ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಕೈಬಿಡಬಲ್ಲದು. ನಮ್ಮ ಅಸ್ಥಿಮಜ್ಜೆಯಲ್ಲಿ ರಕ್ತದ ಕಿರುಬಿಲ್ಲೆಗಳನ್ನು ಹುಟ್ಟಿಸುವ ದೈತ್ಯಕೋಶಗಳೂ ಪೂರ್ತಿ ಒಡೆಯದೆ ಡಿಎನ್‌ಎ ಹೆಚ್ಚಿಸಿಕೊಳ್ಳುತ್ತವೆ, ಆದರೆ ಅವುಗಳ ಡಿಎನ್‌ಎ ಬೆಳೆಯುವುದು ಕೆಲವೇ ಸುತ್ತು. ರೇಷ್ಮೆ ಗ್ರಂಥಿಯಲ್ಲಿ ಈ ಬೇರ್ಪಡಿಕೆ ಬರಿಗಣ್ಣಿಗೆ ಹತ್ತಿರವಾಗುವಷ್ಟು ದೊಡ್ಡದಾಗಿ ಕಾಣುತ್ತದೆ.

ಕಾಲೇಜುಗಳಲ್ಲಿ ಕೋಶಚಕ್ರವನ್ನು ಕಲಿಸುವಾಗ ಈರುಳ್ಳಿ ಬೇರಿನ ತುದಿಯನ್ನು ತೋರಿಸುವುದು ವಾಡಿಕೆ. ಅದು ಇರಲಿ. ಆದರೆ ಹಿಪ್ಪುನೇರಳೆ ಬೆಳೆಯುವ ತಾಲ್ಲೂಕುಗಳಲ್ಲಿ ಇದಕ್ಕಿಂತ ಒಳ್ಳೆಯ ಎರಡನೆಯ ಪಾಠ ಕೈಗೆಟುಕುವಂತಿದೆ. ಐದನೆಯ ಹಂತದ ಹುಳುವಿನ ಗ್ರಂಥಿಯನ್ನು ತೆಳು ಉಪ್ಪುನೀರಿನಲ್ಲಿ ಬಿಡಿಸಿ, ಹಿಂಭಾಗದ ಒಂದು ತುಂಡಿಗೆ ಅಸಿಟೋಕಾರ್ಮಿನ್ ಬಣ್ಣ ಹಾಕಿ ಕಾಲೇಜಿನ ಸೂಕ್ಷ್ಮದರ್ಶಕದಲ್ಲಿಟ್ಟರೆ, ಕೊಳವೆಯ ಸುತ್ತಳತೆಗೆ ಎರಡೇ ಕೋಶಗಳು ಎದುರುಬದುರು ಕೂತಿರುವುದೂ ಅವುಗಳ ಒಳಗೆ ಕೋಶಕೇಂದ್ರ ಕವಲೊಡೆದು ಹರಡಿರುವುದೂ ಕಾಣುತ್ತವೆ. ತಿ. ನರಸೀಪುರ, ನಂಜನಗೂಡು ಕಡೆಯ ಜೀವಶಾಸ್ತ್ರದ ಅಧ್ಯಾಪಕರು ಈ ಪ್ರಯೋಗವನ್ನು ತಮ್ಮ ಪ್ರಾಯೋಗಿಕ ತರಗತಿಗೆ ಸೇರಿಸಿಕೊಳ್ಳಬೇಕೆಂಬುದು ಈ ಟಿಪ್ಪಣಿಯ ವಿನಂತಿ.