ಹಡಪದಿಂದ ಹೇರ್ ಡ್ರೈಯರ್‌ವರೆಗೆ

ಹಿಂದೆ ಕ್ಷೌರಿಕರು ಹಡಪ ಹಿಡಿದು ಮನೆಮನೆಗೆ ಬರುತ್ತಿದ್ದರು. ಕತ್ತಿ, ಕತ್ತರಿ, ಬಾಚಣಿಗೆ, ನೀರಿನ ಬಟ್ಟಲು ಇಷ್ಟೇ ಅವರ ಸಾಮಗ್ರಿ. ಭಯವೇನಿದ್ದರೂ ಕತ್ತಿಯ ಅಲಗಿನದು. ಇಂದು ಮಲ್ಲತ್ತಹಳ್ಳಿಯಂಥ ಬಡಾವಣೆಯ ಸಣ್ಣ ಸೆಲೂನಿನಲ್ಲೂ ಟ್ರಿಮ್ಮರ್, ಹೇರ್ ಡ್ರೈಯರ್, ಸ್ಟೀಮರ್, ಗೀಸರ್ ಕಾಣಸಿಗುತ್ತವೆ. ನೀರು ಮತ್ತು ವಿದ್ಯುತ್ ಒಂದೇ ಕೋಣೆಯಲ್ಲಿ ಸಂಸಾರ ಹೂಡಿವೆ. ಈ ಸಹವಾಸಕ್ಕೂ ಒಂದು ಚರಿತ್ರೆಯಿದೆ.

ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪಾದನೆಯಾದ ವಿದ್ಯುತ್ ಮೊದಲು ಹರಿದದ್ದು ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿಗಳಲ್ಲಿ ದೀಪ ಬೆಳಗಿದ್ದು 1905ರಲ್ಲಿ. ಅದೇ ದಶಕದಲ್ಲಿ ಲಂಡನ್ನಿನಲ್ಲಿ ಕಾರ್ಲ್ ನೆಸ್ಲರ್ ಎಂಬ ಜರ್ಮನ್ ಕೇಶ ವಿನ್ಯಾಸಕ ಕೂದಲನ್ನು ಗುಂಗುರು ಮಾಡುವ ವಿದ್ಯುತ್ ಯಂತ್ರ ರೂಪಿಸಿದ. ಅಮೆರಿಕದ ಲಿಯೊ ವಾಲ್ 1919ರಲ್ಲಿ ವಿದ್ಯುತ್ ಕ್ಲಿಪ್ಪರ್‌ಗೆ ಪೇಟೆಂಟ್ ಕೋರಿದ. ಹೀಗೆ ಉಪಕರಣಗಳು ಬೇಗ ಬಂದವು. ರಕ್ಷಣೆ ಮಾತ್ರ ತಡವಾಯಿತು. ಚಾಲೂ ಇರಲಿ, ಇಲ್ಲದಿರಲಿ, ನೀರಿಗೆ ಬಿದ್ದೊಡನೆ ವಿದ್ಯುತ್ ಕಡಿಯುವ ಪ್ಲಗ್ ಅಮೆರಿಕದ ಹೇರ್ ಡ್ರೈಯರ್‌ಗಳಲ್ಲಿ ಕಡ್ಡಾಯವಾದದ್ದು 1991ರಲ್ಲಿ. ಅಷ್ಟರಲ್ಲಿ ಸ್ನಾನದ ತೊಟ್ಟಿಗೆ ಡ್ರೈಯರ್ ಬಿದ್ದು ಎಷ್ಟೋ ಜೀವಗಳು ಹೋಗಿದ್ದವು.

ನಮ್ಮಲ್ಲಿ 1956ರ ಭಾರತೀಯ ವಿದ್ಯುತ್ ನಿಯಮಗಳಿಗೆ ಆದ ತಿದ್ದುಪಡಿ, ವಿದ್ಯುತ್ ಸೋರಿಕೆ ತಡೆಯುವ ಸಾಧನವನ್ನು ಕಡ್ಡಾಯಗೊಳಿಸಿತು. ಆದರೆ 5 ಕಿಲೋವಾಟ್‌ಗಿಂತ ಕಡಿಮೆ ಹೊರೆಯ ಸಂಪರ್ಕಗಳಿಗೆ ವಿನಾಯಿತಿಯಿತ್ತು. ಸಣ್ಣ ಸೆಲೂನುಗಳು ಈ ಕಿಂಡಿಯಲ್ಲೇ ನುಸುಳಿದವು. ನಂತರದ ನಿಯಮಗಳಲ್ಲಿ ಈ ಮಿತಿ ತಗ್ಗಿದೆ. ಹಳೆಯ ವೈರಿಂಗ್ ಮಾತ್ರ ಎಷ್ಟೋ ಕಡೆ ಹಾಗೆಯೇ ಉಳಿದಿದೆ.

ಎಂಸಿಬಿ ಇದೆಯಲ್ಲ ಎಂಬ ಧೈರ್ಯ ಹಲವರದು. ಎಂಸಿಬಿ ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. 6 ಆಂಪಿಯರ್‌ನ ಎಂಸಿಬಿ 6,000 ಮಿಲಿಆಂಪಿಯರ್‌ವರೆಗೂ ಸುಮ್ಮನಿರುತ್ತದೆ. ಎದೆಬಡಿತ ನಿಲ್ಲಿಸಲು ಅದರ ನೂರನೇ ಒಂದು ಪಾಲು ಸಾಕಾದೀತು. 30 ಮಿಲಿಆಂಪಿಯರ್ ಸೋರಿದರೆ ಕ್ಷಣಾರ್ಧದಲ್ಲಿ ವಿದ್ಯುತ್ ಕಡಿಯುವುದು ಆರ್‌ಸಿಸಿಬಿ. ಡ್ರೈಯರ್‌ಗೆ ಸಾಮಾನ್ಯವಾಗಿ ಇಬ್ಬಗೆಯ ನಿರೋಧಕ ಹೊದಿಕೆಯಿರುವುದರಿಂದ ಎರಡು ಪಿನ್ ಸಾಕು. ಲೋಹದ ಮೈಯ ಗೀಸರ್‌ಗೆ ಹಾಗಲ್ಲ. ಮೂರನೆಯ ಪಿನ್ ಮುರಿದರೆ ಅರ್ಥಿಂಗ್ ಹೋದಂತೆಯೇ.

ಗಿರಾಕಿ ಅರ್ಧ ಗಂಟೆ ಕುಳಿತು ಎದ್ದು ಹೋಗುತ್ತಾನೆ. ತಲೆ ತೊಳೆದ ಒದ್ದೆ ಕೈಯಲ್ಲೇ ದಿನವಿಡೀ ಡ್ರೈಯರ್ ಹಿಡಿಯುವವರು ಅಲ್ಲಿ ದುಡಿಯುವ ಹುಡುಗ ಹುಡುಗಿಯರು. ಕೈ ಒರೆಸಿಕೊಳ್ಳಲು ಒಣ ಬಟ್ಟೆ, ಬೇಸಿನ್‌ನಿಂದ ದೂರದಲ್ಲಿ ಸಾಕೆಟ್, ಬಿರುಕಿಲ್ಲದ ವೈರ್, ಆಗಾಗ ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ ನೋಡುವ ರೂಢಿ: ಇವು ದೊಡ್ಡ ಖರ್ಚಿನ ಮಾತಲ್ಲ. ಕತ್ತಿಯನ್ನು ಮಸೆದು, ತೊಳೆದು ಜೋಪಾನ ಮಾಡುವುದು ಈ ಕಸುಬಿನ ಹಳೆಯ ಶಿಸ್ತು. ಅದೇ ಶಿಸ್ತು ಈಗ ಸ್ವಿಚ್ ಬೋರ್ಡಿಗೂ ಸಲ್ಲಬೇಕಾಗಿದೆ.