ಕುಡಂಪುಳಿ, ಉಪ್ಪಾಗೆ: ಒಂದು ಮರದ ಚರಿತ್ರೆ

ಕಾಸರಗೋಡಿನ ಅಂಗಡಿಯಲ್ಲಿ ಕಪ್ಪಗೆ ಒಣಗಿದ ಹುಳಿಸಿಪ್ಪೆಯನ್ನು ಮಲಯಾಳಿಗಳು ಕುಡಂಪುಳಿ ಎಂದು ಕೇಳುತ್ತಾರೆ. ನಮ್ಮವರು ಮಂತುಹುಳಿ ಎನ್ನುತ್ತಾರೆ. ಶಿರಸಿ, ಸಿದ್ದಾಪುರದ ಕಡೆ ಅದೇ ಉಪ್ಪಾಗೆ. ಮರ ಒಂದೇ, ಪುನರ್ಪುಳಿಯ ಹತ್ತಿರದ ಬಂಧು. ಘಟ್ಟದ ಕಾಡುಗಳಲ್ಲಿ ಹಳ್ಳದ ಬದಿಗಳಲ್ಲಿ, ತೇವ ಆರದ ತಗ್ಗುಗಳಲ್ಲಿ ಇದು ಹುಲುಸಾಗಿ ಬೆಳೆಯುತ್ತದೆ. 'ಪುಳಿ', 'ಹುಳಿ' ಎಂಬವೂ ಎರಡು ಮಾತುಗಳಲ್ಲ. ಹಳಗನ್ನಡದಲ್ಲಿ ನಾವೂ 'ಪುಳಿ' ಎಂದೇ ಹೇಳುತ್ತಿದ್ದೆವು.

ಈ ಮರ ಅಚ್ಚಿನ ಪುಸ್ತಕಕ್ಕೆ ಏರಿದ್ದು 1678ರಲ್ಲಿ. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚು ಹಾಕಿಸಿದ 'ಹೋರ್ತುಸ್ ಮಲಬಾರಿಕುಸ್' ಗ್ರಂಥದ ಮೊದಲ ಸಂಪುಟದಲ್ಲಿ ಇದರ ಚಿತ್ರವಿದೆ, 'ಕೊಡ್ಡಂಪುಳ್ಳಿ' ಎಂಬ ಹೆಸರಿನಲ್ಲಿ. ಆ ಗ್ರಂಥಕ್ಕೆ ಗಿಡಮೂಲಿಕೆಯ ತಿಳಿವಳಿಕೆ ಕೊಟ್ಟವರು ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯರು ಮತ್ತು ಮೂವರು ಕೊಂಕಣಿ ಪಂಡಿತರು. ಮುಂದೆ ಲಿನೇಯಸನ ಕಾಲದಲ್ಲಿ ಕಾಂಬೋಡಿಯದ ಹಳದಿ ಬಣ್ಣದ ಅಂಟಿನ ಹೆಸರು ಇದಕ್ಕೆ ಅಂಟಿಕೊಂಡಿತು. ಆ ಬಣ್ಣ ಕೊಡುವ ಮರವೇ ಬೇರೆ. ಆದರೂ ಶಾಸ್ತ್ರೀಯ ನಾಮ ಇಂದಿಗೂ 'ಗಾರ್ಸಿನಿಯಾ ಗಮ್ಮಿಗುಟ್ಟ'.

ಅಡುಗೆಮನೆಗೆ ಈ ಗೊಂದಲವಿರಲಿಲ್ಲ. ಕೇರಳದಲ್ಲಿ ಹೊಗೆಯಲ್ಲಿ ಒಣಗಿಸಿದ ಸಿಪ್ಪೆ ಮೀನಿನ ಸಾರಿಗೆ ಬಿತ್ತು. ಕೊಡಗಿನಲ್ಲಿ ಹಣ್ಣಿನ ರಸ ಕುದಿದು ಕಾಚಂಪುಳಿಯಾಯಿತು. ಮಲೆನಾಡಿನಲ್ಲಿ ಬೀಜದಿಂದ ಉಪ್ಪಾಗೆ ತುಪ್ಪ ತೆಗೆದರು.

1965ರಲ್ಲಿ ಮೈಸೂರಿನ ಆಹಾರ ಸಂಶೋಧನಾಲಯದ ಲೂಯಿಸ್ ಮತ್ತು ನೀಲಕಂಠನ್ ಈ ಹುಳಿಯ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಎಂದು ಗುರುತಿಸಿದರು. ಅದು ಬೊಜ್ಜು ಕರಗಿಸುತ್ತದೆಂಬ ಸುದ್ದಿ ಹಬ್ಬಿ, 1990ರ ದಶಕದಲ್ಲಿ ಪರದೇಶದ ಮಾತ್ರೆಗಳಿಗಾಗಿ ಸಿಪ್ಪೆಗೆ ಬೆಲೆ ಬಂತು. ಉತ್ತರ ಕನ್ನಡದ ಕಾಡುಗಳಲ್ಲಿ ಮೊದಲು ಹೋದವನಿಗೆ ಹಣ್ಣು ಎಂಬಂತಾಯಿತು. ಕಾಯಿ ಬಲಿಯುವ ಮೊದಲೇ ಕಿತ್ತರು, ಕೊಂಬೆಗಳನ್ನೇ ಕಡಿದರು. ಹಣ್ಣಾಗುವುದು ಮಳೆಗಾಲದಲ್ಲಿ, ಬಿಸಿಲಿಲ್ಲದ್ದರಿಂದ ಸಿಪ್ಪೆ ಒಣಗಿಸಲು ಮತ್ತಷ್ಟು ಸೌದೆ ಉರಿಯಿತು. 1998ರಲ್ಲಿ ಅಮೆರಿಕದ ವೈದ್ಯರು 135 ಜನರನ್ನು 12 ವಾರ ಪರೀಕ್ಷಿಸಿ, ಬರಿಯ ಹುಸಿಮಾತ್ರೆಗಿಂತ ಇದರಿಂದ ತೂಕವೇನೂ ಹೆಚ್ಚು ಇಳಿಯಲಿಲ್ಲವೆಂದು ಪ್ರಕಟಿಸಿದರು. ಕಡಿದ ಕೊಂಬೆ ಮಾತ್ರ ಮರಳಿ ಬರಲಿಲ್ಲ.

ನಾನು ಬ್ಯಾಂಕಿನ ಗುಮಾಸ್ತ, ಸಸ್ಯಶಾಸ್ತ್ರಜ್ಞನಲ್ಲ. ನನಗೆ ತಿಳಿದ ಲೆಕ್ಕ ಇಷ್ಟೇ: ಹಣ್ಣು ಬಡ್ಡಿ, ಮರ ಅಸಲು. ಬೀಜದಿಂದ ಎದ್ದ ಗಿಡ ಕಾಯಿ ಬಿಡಲು ಹತ್ತು ವರ್ಷವಾದರೂ ಬೇಕು. ಗಂಡು ಮರವಾದರೆ ಕಾಯಿಯೇ ಇಲ್ಲ. ಆದ್ದರಿಂದ ತೋಡಿನ ಬದಿಯ ಹಳೆಯ ಮರವನ್ನು ಕಡಿಯುವ ಮುನ್ನ ಮನೆಯ ಅಜ್ಜಿಯನ್ನೊಮ್ಮೆ ಕೇಳಿ. ಆಕೆ ಹೇಳುವ ಹೆಸರನ್ನು ಕನ್ನಡದಲ್ಲಿ ಬರೆದಿಡಿ, ನೆರೆಮನೆಯವರು ಹೇಳುವುದನ್ನು ಮಲಯಾಳದಲ್ಲಿ ಬರೆದಿಡಿ. ವಾನ್ ರೀಡ್ ಮುನ್ನೂರು ವರ್ಷಗಳ ಹಿಂದೆ ಮಾಡಿಸಿದ್ದೂ ಅದನ್ನೇ.